ಹೀಟಿಂಗ್ ಆಯಿಲ್ ಟ್ಯಾಂಕ್ ಕೂರಿಸುವುದು ಹೇಗೆ: ಸೋರಿದರೆ ಮೊದಲ ದಿನವೇ ಗೊತ್ತಾಗಬೇಕು

ಮನೆ ಬಿಸಿ ಮಾಡಲು ಎಣ್ಣೆ ಉರಿಸುವ ಬಾಯ್ಲರ್ ಹಾಕಿಸುವವರು ಬಾಯ್ಲರ್ ಬಗ್ಗೆ ಹತ್ತು ಕಡೆ ವಿಚಾರಿಸುತ್ತಾರೆ. ಟ್ಯಾಂಕ್ ಮಾತ್ರ ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿ ತಂದು ಇಟ್ಟುಬಿಡುತ್ತಾರೆ. ಬಾಯ್ಲರ್ ಕೆಟ್ಟರೆ ರಿಪೇರಿಯವರು ಬರುವ ತನಕ ಚಳಿ, ಅಷ್ಟೇ. ಟ್ಯಾಂಕ್ ಸೋರಿದರೆ ಹಾಗಲ್ಲ. ಎಣ್ಣೆ ಮಣ್ಣಿಗೆ ಇಳಿಯುತ್ತದೆ, ಗೋಡೆಯ ಬುಡಕ್ಕೆ ಹೋಗುತ್ತದೆ, ಹತ್ತಿರ ಬಾವಿ ಇದ್ದರೆ ಅಲ್ಲಿಗೂ ತಲುಪುತ್ತದೆ, ಆಮೇಲೆ ಆ ಮಣ್ಣನ್ನೆಲ್ಲ ಅಗೆದು ಸಾಗಿಸುವ ಖರ್ಚು ಟ್ಯಾಂಕಿನ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ ಆಗಬಹುದು. ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ.

ಟ್ಯಾಂಕ್ ಸಿಡಿದು ಒಂದೇ ಸಲ ಎಲ್ಲಾ ಚೆಲ್ಲಿಹೋಗುವುದೂ ಇದೆ, ಆದರೆ ಹೆಚ್ಚಾಗಿ ನಡೆಯುವುದು ಸದ್ದಿಲ್ಲದ ಜಿನುಗು. ಸೆಕೆಂಡಿಗೆ ಒಂದು ಹನಿ ಬಿದ್ದರೂ ದಿನಕ್ಕೆ 3-4 ಲೀಟರ್, ತಿಂಗಳಿಗೆ ಹತ್ತಿರ ಹತ್ತಿರ 100 ಲೀಟರ್. ಆ ಹನಿ ಬೀಳುವ ಜಾಗ ನಮಗೆ ಕಾಣುವಂತಿದ್ದರೆ ಅದು ಒಂದು ವಾಷರ್ ಬದಲಿಸುವ ಕೆಲಸ. ಕಾಣದಿದ್ದರೆ ಅದೇ ದೊಡ್ಡ ಅನಾಹುತ. ಹಾಗಾಗಿ ಟ್ಯಾಂಕ್ ಕೂರಿಸುವಾಗ ಪ್ರತಿ ಹಂತದಲ್ಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಸೋರಿದರೆ ನನ್ನ ಕಣ್ಣಿಗೆ ಬೀಳುತ್ತದಾ? ಕೆಳಗೆ ಬರೆದಿರುವುದರಲ್ಲಿ ಮುಕ್ಕಾಲು ಪಾಲು ಈ ಪ್ರಶ್ನೆಗೆ ಉತ್ತರವೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೂರಿಸುವ ಕೆಲಸ ತರಬೇತಿ ಮತ್ತು ಪರವಾನಗಿ ಇರುವವರದ್ದೇ. ಅಮೆರಿಕದಲ್ಲಿ ಇದಕ್ಕೆ ಎನ್‌ಎಫ್‌ಪಿಎ 31, ಕೆನಡಾದಲ್ಲಿ ಸಿಎಸ್‌ಎ ಬಿ139 ಎಂಬ ನಿಯಮಾವಳಿಗಳಿವೆ, ಬ್ರಿಟನ್‌ನಲ್ಲಿ ಆಫ್ಟೆಕ್ ಎಂಬ ಸಂಸ್ಥೆ ತಂತ್ರಜ್ಞರನ್ನು ನೋಂದಾಯಿಸುತ್ತದೆ. ನಾನು ಕೊಡುವ ಅಳತೆಗಳು ಇಂಥ ನಿಯಮಗಳಿಂದ ಬಂದವು. ನೀವಿರುವ ಜಾಗದ ನಿಯಮ ಬೇರೆ ಇದ್ದರೆ ಅದೇ ಕೊನೆಯ ಮಾತು. ನೀವು ಸ್ಪಾನರ್ ಹಿಡಿಯಬೇಕಾಗಿಲ್ಲ, ಆದರೆ ಏನು ಕೇಳಬೇಕು, ಏನು ನೋಡಬೇಕು ಅನ್ನುವುದು ನಿಮಗೆ ಗೊತ್ತಿರಬೇಕು.

ಯಾವ ಇಂಧನ ಅನ್ನುವುದು ಮೊದಲು

ಇಲ್ಲಿ ಹೇಳುತ್ತಿರುವುದು ಹೀಟಿಂಗ್ ಆಯಿಲ್, ಡೀಸೆಲ್, ಸೀಮೆಎಣ್ಣೆ ತುಂಬುವ ಟ್ಯಾಂಕ್ ಬಗ್ಗೆ. ಇವು ಪೆಟ್ರೋಲಿನಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಸೀಮೆಎಣ್ಣೆ 38 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಿಂದ, ಹೀಟಿಂಗ್ ಆಯಿಲ್ ಸಾಮಾನ್ಯವಾಗಿ 50 ಡಿಗ್ರಿ ದಾಟಿದ ಮೇಲೆ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ಹಾಗಂತ ಸದರ ಬೇಡ, ಬಿಸಿಯಾದ ಬಾಯ್ಲರ್ ಪಕ್ಕದಲ್ಲಿ ಆ ಶಾಖ ಏನೂ ದೊಡ್ಡದಲ್ಲ. ಈ ಟ್ಯಾಂಕಿಗೆ ಪೆಟ್ರೋಲ್ ಬೆರೆತ ಯಾವುದನ್ನೂ ಹಾಕಬಾರದು, ಒಂದು ಲೀಟರ್ ಕೂಡ.

ಎಲ್‌ಪಿಜಿ ಟ್ಯಾಂಕಿಗೆ ಈ ಬರಹ ಹೊಂದುವುದಿಲ್ಲ. ಅಲ್ಲಿ ಲೆಕ್ಕವೇ ಬೇರೆ. ಎಣ್ಣೆ ಟ್ಯಾಂಕಿನ ಸುತ್ತ ತಡೆಗೋಡೆ ಕಟ್ಟಿದರೆ ಒಳ್ಳೆಯದು, ಎಲ್‌ಪಿಜಿ ಸುತ್ತ ಹಾಗೆ ಕಟ್ಟಿದರೆ ಗಾಳಿಗಿಂತ ಭಾರವಾದ ಆ ಗ್ಯಾಸ್ ಅಲ್ಲೇ ತುಂಬಿಕೊಂಡು ಕಿಡಿಗೆ ಕಾಯುತ್ತದೆ.

ಜಾಗ ಆರಿಸುವುದು

ಹೊರಗೆ, ನೆಲದ ಮೇಲೆ, ನಾಲ್ಕೂ ಕಡೆ ಓಡಾಡಲು ಸಾಧ್ಯವಿರುವ ಜಾಗ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಒಬ್ಬರು ಬಗ್ಗಿ ಟಾರ್ಚ್ ಹಾಕಿ ಹಿಂಭಾಗ ನೋಡುವಷ್ಟಾದರೂ ಸಂದು ಬಿಡಿ. ಗೋಡೆಗೆ ಅಂಟಿಸಿ ಇಟ್ಟ ಟ್ಯಾಂಕಿನ ಹಿಂದಿನ ಬೆಸುಗೆ ತುಕ್ಕು ಹಿಡಿದು ಒದ್ದೆಯಾದರೆ ಯಾರಿಗೂ ಕಾಣುವುದಿಲ್ಲ.

ದೂರದ ವಿಷಯಕ್ಕೆ ಬಂದರೆ, ಬ್ರಿಟನ್‌ನಲ್ಲಿ ಮನೆ ಟ್ಯಾಂಕಿಗೆ ಬಳಸುವ ಲೆಕ್ಕ ನೆನಪಿಡಲು ಸುಲಭ. ಬೆಂಕಿ ತಡೆಯುವಂತೆ ಕಟ್ಟಿರದ ಗೋಡೆ, ಸೂರಿನ ಅಂಚು, ಕಿಟಕಿ ಬಾಗಿಲು, ಬಾಯ್ಲರ್ ಹೊಗೆ ಬರುವ ಬಾಯಿ, ಇವುಗಳಿಂದ 1.8 ಮೀಟರ್. ಪಕ್ಕದವರ ಗಡಿ ಬೇಲಿಯಿಂದ 760 ಮಿಲಿಮೀಟರ್. ಅಷ್ಟು ಜಾಗ ಇಲ್ಲದಿದ್ದರೆ ನಡುವೆ ಬೆಂಕಿ ತಡೆಯುವ ಗೋಡೆ ಕಟ್ಟಬೇಕು. ಟ್ಯಾಂಕಿಗೆ ಹೊತ್ತಿದ ಬೆಂಕಿ ಮನೆಗೆ ಬರುತ್ತದೆ ಅಂತ ಈ ದೂರ ಇಟ್ಟಿದ್ದಾರೆ ಅಂದುಕೊಳ್ಳುವವರೇ ಜಾಸ್ತಿ. ನಿಜವಾದ ಉದ್ದೇಶ ಉಲ್ಟಾ: ಮನೆಗೋ ಶೆಡ್ಡಿಗೋ ಬೆಂಕಿ ಬಿದ್ದರೆ ಅದು ಟ್ಯಾಂಕಿಗೆ ಹಬ್ಬಬಾರದು. ಅದಕ್ಕೇ ಟ್ಯಾಂಕ್ ಪಕ್ಕ ಕಟ್ಟಿಗೆ ರಾಶಿ, ಕಸದ ಡಬ್ಬಿ, ಒಣಹುಲ್ಲು ಇಡಬೇಡಿ.

ಸೂರಿನ ನೇರ ಕೆಳಗೂ ಇಡಬೇಡಿ. ಹಿಮ ಬೀಳುವ ಕಡೆ ಚಾವಣಿಯಿಂದ ಜಾರಿ ಬೀಳುವ ಮಂಜುಗಡ್ಡೆ ಟ್ಯಾಂಕಿಗೆ ಏನೂ ಮಾಡದಿರಬಹುದು, ಆದರೆ ಅದರ ಬುಡದಲ್ಲಿ ಹೊರಚಾಚಿಕೊಂಡಿರುವ ವಾಲ್ವನ್ನೋ ಫಿಲ್ಟರನ್ನೋ ಮುರಿದು ಹಾಕುತ್ತದೆ, ಆಗ ಇಡೀ ಟ್ಯಾಂಕ್ ರಾತ್ರೋರಾತ್ರಿ ಖಾಲಿ. ಬೇರೆ ಜಾಗವೇ ಇಲ್ಲದಿದ್ದರೆ ವಾಲ್ವ್ ಮತ್ತು ಫಿಲ್ಟರ್ ಮೇಲೆ ಗಟ್ಟಿ ಕಬ್ಬಿಣದ ಮುಚ್ಚಿಗೆ ಹಾಕಿಸಿ. ಕಾರು ತಿರುಗುವ ಜಾಗವಾದರೆ ಮುಂದೆ ಎರಡು ಕಾಂಕ್ರೀಟ್ ಕಂಬ ನೆಡಿಸಿ.

ಬಾವಿ, ಬೋರ್‌ವೆಲ್, ಹಳ್ಳ, ಚರಂಡಿ ಎಲ್ಲಿದೆ ಅಂತ ನೋಡಿ. ಬ್ರಿಟನ್‌ನಲ್ಲಿ ಬಾವಿ ಅಥವಾ ಬೋರ್‌ವೆಲ್‌ನಿಂದ 50 ಮೀಟರ್, ಹಳ್ಳ ಹೊಳೆಯಿಂದ 10 ಮೀಟರ್ ಒಳಗೆ ಟ್ಯಾಂಕ್ ಬಂದರೆ ಅದಕ್ಕೆ ಸೋರಿದ್ದನ್ನು ಹಿಡಿದಿಡುವ ಎರಡನೇ ತೊಟ್ಟಿ ಕಡ್ಡಾಯ. ಚೆಲ್ಲಿದ ಎಣ್ಣೆ ಹರಿದು ಹೋಗಬಹುದಾದ ಚರಂಡಿ ಬಾಯಿ ಹತ್ತಿರ ಇದ್ದರೂ ಅಷ್ಟೇ.

ಇನ್ನೊಂದು, ಎಣ್ಣೆ ತುಂಬಲು ಬರುವ ಲಾರಿಯ ಹೋಸ್ ಅಲ್ಲಿ ತನಕ ತಲುಪಬೇಕು. ತುಂಬುವವರಿಗೆ ಟ್ಯಾಂಕಿನ ಬಾಯಿ ಕಣ್ಣಿಗೆ ಕಾಣುತ್ತಿರಬೇಕು. ಹೋಸನ್ನು ಮನೆಯೊಳಗಿಂದ ಎಳೆದುಕೊಂಡು ಹೋಗುವ ಪರಿಸ್ಥಿತಿ ಬರಬಾರದು.

ಬುಡದ ಕಟ್ಟೆ

ಎಣ್ಣೆ ನೀರಿಗಿಂತ ಹಗುರ. ಆದರೂ 1000 ಲೀಟರ್ ಎಣ್ಣೆ ಸುಮಾರು 850 ಕೆಜಿ ತೂಗುತ್ತದೆ, ಅದರ ಮೇಲೆ ಟ್ಯಾಂಕಿನ ತೂಕ. ಇಷ್ಟು ಭಾರ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೂತಿರುತ್ತದೆ, ಕೆಳಗಿನ ಮಣ್ಣು ಮಳೆಗೆ ನೆನೆಯುತ್ತದೆ, ಚಳಿಗೆ ಉಬ್ಬುತ್ತದೆ. ಒಂದು ಮೂಲೆ ಒಂದೇ ಒಂದು ಇಂಚು ಕುಸಿದರೂ ಟ್ಯಾಂಕಿಗಿಂತ ಮೊದಲು ಏಟು ತಿನ್ನುವುದು ಅದಕ್ಕೆ ಕಚ್ಚಿಕೊಂಡಿರುವ ಪೈಪ್ ಜಾಯಿಂಟ್.

ಹಾಗಾಗಿ ಮೇಲ್ಮಣ್ಣು ತೆಗೆಸಿ, ಜಲ್ಲಿ ಹಾಕಿ ಚೆನ್ನಾಗಿ ಕುಟ್ಟಿಸಿ, ಮೇಲೆ ಕನಿಷ್ಠ 100 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ಹಾಕಿಸಿ. ದೊಡ್ಡ ಟ್ಯಾಂಕಾದರೆ ಎಷ್ಟು ದಪ್ಪ, ಎಷ್ಟು ಕಂಬಿ ಅಂತ ಇಂಜಿನಿಯರ್ ಹೇಳಲಿ. ಕಟ್ಟೆ ಟ್ಯಾಂಕಿಗಿಂತ ಸುತ್ತಲೂ 300 ಮಿಲಿಮೀಟರ್ ಆಚೆಗೆ ಚಾಚಿರಬೇಕು. ಇದಕ್ಕೆ ಎರಡು ಲಾಭ. ಹುಲ್ಲು ಬೆಳೆದು ಒಣಗಿ ಟ್ಯಾಂಕಿನ ಬುಡಕ್ಕೆ ಬೆಂಕಿ ತರುವುದಿಲ್ಲ, ಮತ್ತೆ ಹನಿ ಬಿದ್ದರೆ ಬೂದು ಕಾಂಕ್ರೀಟ್ ಮೇಲೆ ಕಪ್ಪು ಕಲೆಯಾಗಿ ಎದ್ದು ಕಾಣುತ್ತದೆ. ಮಣ್ಣಾಗಿದ್ದರೆ ಆ ಹನಿ ಹೀರಿಕೊಂಡು ಸುಮ್ನೆ ಇದ್ದುಬಿಡುತ್ತಿತ್ತು.

ಪ್ಲಾಸ್ಟಿಕ್ ಟ್ಯಾಂಕಿಗೆ ಬುಡ ಪೂರ್ತಿ ಕಟ್ಟೆಗೆ ತಾಗಿರಬೇಕು, ಇದರಲ್ಲಿ ರಾಜಿ ಬೇಡ. ಇಟ್ಟಿಗೆ ಜೋಡಿಸಿ ಎತ್ತರಿಸಿದರೆ ಇಟ್ಟಿಗೆಯ ನಡುವೆ ಪ್ಲಾಸ್ಟಿಕ್ ನಿಧಾನಕ್ಕೆ ಜೋತುಬಿದ್ದು, ಒಂದು ದಿನ ಬಿರುಕು ಬಿಡುತ್ತದೆ. ಕಟ್ಟೆಯ ಮೇಲೆ ಒಂದು ಕಲ್ಲಿನ ಚೂರು ಉಳಿದಿದ್ದರೂ ಗುಡಿಸಿ ತೆಗೆಸಿ. ಸ್ಟೀಲ್ ಟ್ಯಾಂಕನ್ನು ಕಾಲುಗಳ ಮೇಲೆ ನಿಲ್ಲಿಸಬಹುದು, ಕೆಳಗೆ ಗಾಳಿ ಆಡಿದರೆ ತುಕ್ಕೂ ಕಡಿಮೆ, ಹೊಟ್ಟೆಯ ಅಡಿಭಾಗವೂ ಕಾಣುತ್ತದೆ. ಆದರೆ ಆ ಕಾಲುಗಳು ಮಣ್ಣಿನ ಮೇಲಾಗಲಿ, ಒಂದೊಂದೇ ಬಿಡಿ ಕಲ್ಲಿನ ಮೇಲಾಗಲಿ ನಿಲ್ಲಬಾರದು.

ರಸಮಟ್ಟ ಇಟ್ಟು ನೋಡಿ. ಪ್ಲಾಸ್ಟಿಕ್ ಆದರೆ ಸಮತಟ್ಟು. ಸ್ಟೀಲ್ ಆದರೆ ಸಣ್ಣ ಇಳಿಜಾರು ಬೇಕು, ಯಾವ ಕಡೆಗೆ ಅನ್ನುವುದು ಟ್ಯಾಂಕಿನ ಮಾದರಿಯ ಮೇಲೆ ಹೋಗುತ್ತದೆ. ಎಣ್ಣೆ ಹೊರಡುವ ಬಾಯಿ ತಳದಲ್ಲೇ ಇದ್ದರೆ ಇಳಿಜಾರು ಆ ಬಾಯಿಯ ಕಡೆಗೆ, ಆಗ ನೀರು ಒಳಗೆ ನಿಲ್ಲದೆ ಎಣ್ಣೆಯ ಜೊತೆ ಫಿಲ್ಟರಿಗೆ ಬರುತ್ತದೆ. ಬಾಯಿ ಪಕ್ಕದಲ್ಲಿ ಸ್ವಲ್ಪ ಮೇಲಿದ್ದು, ಗಸಿ ತೆಗೆಯಲು ಬೇರೆ ವಾಲ್ವ್ ಇದ್ದರೆ ಇಳಿಜಾರು ಆ ಗಸಿ ವಾಲ್ವಿನ ಕಡೆಗೆ. ತಯಾರಕರ ಕಾಗದದಲ್ಲಿ ಇದು ಬರೆದಿರುತ್ತದೆ, ಕೆಲಸದವರ ಮುಂದೆ ಇಟ್ಟು ಓದಿಸಿ.

ನೀರು ಇಷ್ಟು ಮುಖ್ಯ ಯಾಕೆ ಅಂದರೆ, ಸ್ಟೀಲ್ ಟ್ಯಾಂಕ್ ಹೆಚ್ಚಾಗಿ ಸಾಯುವುದು ಒಳಗಿನಿಂದ. ಹಗಲು ಬಿಸಿ, ರಾತ್ರಿ ತಂಪು ಆಗುತ್ತಿದ್ದ ಹಾಗೆ ಖಾಲಿ ಭಾಗದ ಗಾಳಿಯಲ್ಲಿರುವ ತೇವ ಹನಿಯಾಗಿ ಎಣ್ಣೆಯ ತಳಕ್ಕೆ ಇಳಿಯುತ್ತದೆ. ಎಣ್ಣೆ ಮತ್ತು ನೀರು ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುತ್ತವೆ, ಅದು ಕಬ್ಬಿಣ ತಿನ್ನುತ್ತದೆ. ಹೊರಗಿನ ಪೇಂಟ್ ಹೊಸದರಂತೆ ಹೊಳೆಯುತ್ತಿರುವಾಗಲೇ ತಳದಲ್ಲಿ ಸೂಜಿ ಮೊನೆಯಷ್ಟು ತೂತು ಬಿದ್ದಿರುತ್ತದೆ. ಅದಕ್ಕೆ ಬೇಸಿಗೆಯಲ್ಲಿ ಟ್ಯಾಂಕ್ ಖಾಲಿ ಬಿಡುವುದಕ್ಕಿಂತ ತುಂಬಿಸಿ ಇಡುವುದು ವಾಸಿ.

ಎರಡನೇ ತೊಟ್ಟಿ

ಇದನ್ನು ಬಂಡ್ ಅಂತಾರೆ. ಟ್ಯಾಂಕ್ ಪೂರ್ತಿ ಸೋರಿದರೂ ಹಿಡಿದಿಟ್ಟುಕೊಳ್ಳುವ ಹೊರತೊಟ್ಟಿ. ಅದು ಟ್ಯಾಂಕಿನ ಅಳತೆಯ 110 ಶೇಕಡ ಹಿಡಿಯಬೇಕು, 1000 ಲೀಟರ್ ಟ್ಯಾಂಕಿಗೆ 1100 ಲೀಟರ್. ಈಗ ಟ್ಯಾಂಕಿನೊಳಗೆ ಟ್ಯಾಂಕ್ ಇರುವ ಎರಡು ಪದರದ ಮಾದರಿಗಳು ಸಿಗುತ್ತವೆ. ಬಾವಿ ಹತ್ತಿರ ಇಲ್ಲದಿದ್ದರೂ, ನಿಯಮ ಕೇಳದಿದ್ದರೂ, ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದು ಎರಡು ಪದರದ್ದನ್ನೇ ತೆಗೆದುಕೊಳ್ಳಿ ಅಂತ. ಎರಡು ಪದರದ ನಡುವೆ ಸೋರಿಕೆ ತಿಳಿಸುವ ಸೆನ್ಸರೋ ಕಡ್ಡಿಯೋ ಇರಬೇಕು. ಇಲ್ಲದಿದ್ದರೆ ಒಳ ಟ್ಯಾಂಕ್ ಸೋರಿದ್ದು ಗೊತ್ತೇ ಆಗದೆ ಹೊರ ಪದರದಲ್ಲೇ ಎಣ್ಣೆ ತುಂಬಿಕೊಂಡು ವರ್ಷ ಕಳೆಯಬಹುದು.

ಇಟ್ಟಿಗೆ ಸಿಮೆಂಟಿನಲ್ಲಿ ತೆರೆದ ತೊಟ್ಟಿ ಕಟ್ಟಿಸುತ್ತೀರಾದರೆ ಒಳಗೆ ಎಣ್ಣೆ ತಡೆಯುವ ಗಾರೆ ಬೇಕು. ಮಳೆನೀರು ನಿಲ್ಲುತ್ತದೆ ಅಂತ ಬುಡದಲ್ಲಿ ತೂತು ಬಿಡಿಸಿದವರನ್ನು ಕಾಣಬಹುದು. ದಯವಿಟ್ಟು ಬೇಡ, ತೂತು ಬಿಟ್ಟ ಮೇಲೆ ಅದು ತೊಟ್ಟಿಯೇ ಅಲ್ಲ. ವಾಲ್ವ್ ಹಾಕಿದರೂ ಯಾರೋ ತೆರೆದು ಮರೆಯುತ್ತಾರೆ. ಮೇಲೆ ಶೀಟ್ ಹಾಕಿಸಿ, ನಿಂತ ನೀರನ್ನು ಕೈಪಂಪಿನಲ್ಲಿ ತೆಗೆಯಿರಿ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡರೆ ಚರಂಡಿಗೆ ಬಿಡಬೇಡಿ, ಎಣ್ಣೆ ತ್ಯಾಜ್ಯ ಸಾಗಿಸುವವರನ್ನು ಕರೆಸಿ. ಪೈಪ್ ಕೂಡ ತೊಟ್ಟಿಯ ಗೋಡೆ ಕೊರೆದು ಬರಬಾರದು, ಮೇಲಿನಿಂದ ಹತ್ತಿ ಇಳಿಯಬೇಕು.

ತುಂಬುವ ಪೈಪ್, ಗಾಳಿ ಪೈಪ್

ಹೊರಗಿಟ್ಟ ಸಣ್ಣ ಟ್ಯಾಂಕಿನಲ್ಲಿ ಇವೆರಡೂ ನೆತ್ತಿಯಲ್ಲೇ ಇರುತ್ತವೆ. ಟ್ಯಾಂಕ್ ನೆಲಮಾಳಿಗೆಯಲ್ಲಿದ್ದರೆ ಮಾತ್ರ ಎರಡು ಪೈಪ್ ಗೋಡೆ ದಾಟಿ ಹೊರಗೆ ಬರುತ್ತವೆ. ಒಂದು ಎಣ್ಣೆ ತುಂಬಲು, ಇನ್ನೊಂದು ಒಳಗಿನ ಗಾಳಿ ಹೊರಗೆ ಹೋಗಲು. ಲಾರಿಯ ಪಂಪ್ ನಿಮಿಷಕ್ಕೆ 200 ಲೀಟರಿಗೂ ಜಾಸ್ತಿ ನುಗ್ಗಿಸಬಲ್ಲದು. ಅಷ್ಟೇ ಗಾಳಿ ಅಷ್ಟೇ ವೇಗದಲ್ಲಿ ಹೊರಗೆ ಹೋಗಬೇಕು, ಇಲ್ಲದಿದ್ದರೆ ಒಳಗೆ ಒತ್ತಡ ಏರಿ ಟ್ಯಾಂಕ್ ಉಬ್ಬಿ ಬೆಸುಗೆ ಬಿಡುತ್ತದೆ. ಅಮೆರಿಕದಲ್ಲಿ ಮನೆ ಟ್ಯಾಂಕಿಗೆ ಸಾಮಾನ್ಯವಾಗಿ 2 ಇಂಚಿನ ತುಂಬುವ ಪೈಪ್, ಕನಿಷ್ಠ ಒಂದೂಕಾಲು ಇಂಚಿನ ಗಾಳಿ ಪೈಪ್ ಹಾಕುತ್ತಾರೆ. ಗಾಳಿ ಪೈಪಿನ ತುದಿ ಹಿಮಕ್ಕಿಂತ ಮೇಲಿರಲಿ, ಕಿಟಕಿಯಿಂದ ಕನಿಷ್ಠ 600 ಮಿಲಿಮೀಟರ್ ದೂರ ಇರಲಿ, ಮಳೆ ಬೀಳದ ಹಾಗೆ ಮುಚ್ಚಳ ಇರಲಿ. ಕಣಜ ಅಲ್ಲಿ ಮಣ್ಣಿನ ಗೂಡು ಕಟ್ಟಿ ಮುಚ್ಚಿಬಿಡುವುದು ಅಪರೂಪವೇನಲ್ಲ. ಹಾಗಾಗಿ ತುಂಬಿಸುವ ಮೊದಲು ಒಮ್ಮೆ ನೋಡಿ.

ಗಾಳಿ ಪೈಪಿನ ಬುಡದಲ್ಲಿ ಒಂದು ಸಣ್ಣ ಸಿಳ್ಳೆ ಕೂರಿಸುತ್ತಾರೆ. ಎಣ್ಣೆ ತುಂಬುತ್ತಿರುವಾಗ ಹೊರಗೆ ಹೋಗುವ ಗಾಳಿ ಅದನ್ನು ಊದುತ್ತಿರುತ್ತದೆ, ಹೋಸ್ ಹಿಡಿದವರು ಆ ಸದ್ದಿಗೆ ಕಿವಿಗೊಟ್ಟು ನಿಂತಿರುತ್ತಾರೆ. ಎಣ್ಣೆ ಮೇಲೆ ಬಂದು ಸಿಳ್ಳೆಯ ಬಾಯಿ ಮುಟ್ಟಿದ ಕೂಡಲೇ ಸದ್ದು ನಿಲ್ಲುತ್ತದೆ, ಅವರೂ ನಿಲ್ಲಿಸುತ್ತಾರೆ. ಶುರು ಮಾಡಿದಾಗಲೇ ಸಿಳ್ಳೆ ಕೇಳದಿದ್ದರೆ ತುಂಬಲೇಬಾರದು. ಒಂದೋ ಸಿಳ್ಳೆ ಕೆಟ್ಟಿದೆ, ಇಲ್ಲಾ ಗಾಳಿ ಪೈಪ್ ಕಟ್ಟಿದೆ, ಇಲ್ಲಾ ಎಣ್ಣೆ ಟ್ಯಾಂಕಿಗೆ ಹೋಗುತ್ತಲೇ ಇಲ್ಲ.

ಆ ಕೊನೆಯ ಮಾತು ಉತ್ಪ್ರೇಕ್ಷೆ ಅಲ್ಲ. ಹಳೇ ಟ್ಯಾಂಕ್ ತೆಗೆಸಿ, ಹೊರಗೆ ಗೋಡೆಯಲ್ಲಿದ್ದ ತುಂಬುವ ಪೈಪನ್ನು ಹಾಗೇ ಬಿಟ್ಟ ಮನೆಗಳಿವೆ. ಲಾರಿಯವರು ವಿಳಾಸ ತಪ್ಪಿ ಬಂದು, ಪೈಪ್ ಕಂಡು, ಹೋಸ್ ಸಿಕ್ಕಿಸಿ ನೂರಾರು ಲೀಟರ್ ಎಣ್ಣೆಯನ್ನು ನೇರ ನೆಲಮಾಳಿಗೆಯ ನೆಲಕ್ಕೆ ಸುರಿದ ಪ್ರಸಂಗಗಳು ಒಂದೆರಡಲ್ಲ. ಮುಚ್ಚಳ ಬಿಗಿ ಮಾಡಿದರೆ ಸಾಲದು. ಟ್ಯಾಂಕ್ ತೆಗೆದ ದಿನವೇ ತುಂಬುವ ಪೈಪನ್ನೂ ಗಾಳಿ ಪೈಪನ್ನೂ ಕಿತ್ತು ತೂತನ್ನು ಸಿಮೆಂಟಿನಿಂದ ಮುಚ್ಚಿಸಿ.

ಟ್ಯಾಂಕಿನಿಂದ ಬರ್ನರ್ ತನಕ

ನನಗೆ ಕೇಳಿದರೆ ಟ್ಯಾಂಕಿಗಿಂತ, ಬಾಯ್ಲರಿನಲ್ಲಿ ಎಣ್ಣೆ ಉರಿಸುವ ಬರ್ನರಿಗೆ ಹೋಗುವ ಈ ಪೈಪಿನ ಮೇಲೇ ಹೆಚ್ಚು ನಿಗಾ ಬೇಕು. ಬೆರಳು ಗಾತ್ರದ ತಾಮ್ರದ ಕೊಳವೆ, ಅಲ್ಲಲ್ಲಿ ಜಾಯಿಂಟ್. ಸೋರುವುದು ಹೆಚ್ಚಾಗಿ ಇಲ್ಲೇ.

ಹಳೇ ಮನೆಗಳಲ್ಲಿ ತಾಮ್ರದ ಪೈಪನ್ನು ನೇರ ಕಾಂಕ್ರೀಟ್ ಒಳಗೆ ಹುದುಗಿಸಿರುತ್ತಾರೆ. ತೇವಕ್ಕೂ ಕಾಂಕ್ರೀಟಿನ ರಾಸಾಯನಿಕಕ್ಕೂ ಸಿಕ್ಕಿ ತಾಮ್ರ ತೂತು ಬೀಳುತ್ತದೆ, ಎಣ್ಣೆ ನೆಲದ ಕೆಳಗೆ ಇಳಿಯುತ್ತದೆ, ಮೇಲೆ ಏನೂ ಕಾಣುವುದಿಲ್ಲ. ಹೊಸದಾಗಿ ಹಾಕುವಾಗ ಪ್ಲಾಸ್ಟಿಕ್ ಹೊದಿಕೆ ಇರುವ ಪೈಪ್, ಅದೂ ಇನ್ನೊಂದು ದೊಡ್ಡ ಕೊಳವೆಯ ಒಳಗೆ ಇರಲಿ. ಹೊರಗಿನ ಕೊಳವೆಯ ಎರಡೂ ತುದಿ ಕಣ್ಣಿಗೆ ಕಾಣಲಿ. ಸಾಧ್ಯವಾದರೆ ನೆಲದ ಕೆಳಗೆ ಹಾಕಲೇಬೇಡಿ, ಗೋಡೆಯ ಮೇಲೆ ಕ್ಲಾಂಪ್ ಹಾಕಿ ತನ್ನಿ. ಹೂಳಲೇಬೇಕಾದರೆ 450 ಮಿಲಿಮೀಟರ್ ಆಳ, ಮರಳಿನ ಹಾಸು, ಪೈಪಿನಿಂದ 150 ಮಿಲಿಮೀಟರ್ ಮೇಲೆ ಎಚ್ಚರಿಕೆಯ ಟೇಪ್. ಮಣ್ಣಿನ ಕೆಳಗೆ ಒಂದೂ ಜಾಯಿಂಟ್ ಬೇಡ, ಒಂದೇ ಉದ್ದದ ಪೈಪ್ ಬಳಸಿ.

ಜಾಯಿಂಟ್‌ಗೆ ಬೆಸುಗೆಯ ಸೀಸ ಬೇಡ, ಬೆಂಕಿ ಬಿದ್ದರೆ ಮೊದಲು ಕರಗುವುದು ಅದೇ. ನೀರಿನ ಪಿವಿಸಿ ಪೈಪ್ ಖಂಡಿತ ಬೇಡ. ಸತು ಲೇಪಿಸಿದ ಜಿಐ ಪೈಪನ್ನೂ ಎಣ್ಣೆ ಹರಿಯುವ ಲೈನಿಗೆ ಹಾಕಬೇಡಿ, ಸತು ಎಣ್ಣೆಯ ಜೊತೆ ಸೇರಿ ಗಸಿಯಾಗಿ ಫಿಲ್ಟರ್ ಕಟ್ಟುತ್ತದೆ. ತಾಮ್ರಕ್ಕೆ ಫ್ಲೇರ್ ಜಾಯಿಂಟ್, ಅಂದರೆ ಪೈಪಿನ ತುದಿಯನ್ನು ಕಹಳೆಯಂತೆ ಅಗಲಿಸಿ ನಟ್ಟಿನಿಂದ ಬಿಗಿಯುವ ಜಾಯಿಂಟ್, ಒಳ್ಳೆಯದು. ತಿರುಪಿನ ಗೀರು (ಥ್ರೆಡ್) ಇರುವ ಪೈಪ್‌ಗಳಿಗೆ ಎಣ್ಣೆ ತಡೆಯುವ ಪೇಸ್ಟ್ ಹಚ್ಚಿಸಿ. ನೀರಿನ ಕೆಲಸದ ಬಿಳಿ ಟೇಪ್ ಸುತ್ತಿದರೆ ಅದರ ಎಳೆಗಳು ಕಿತ್ತು ಬರ್ನರ್ ತನಕ ಹೋಗುತ್ತವೆ.

ಕೆಲವು ಕಡೆ ಎರಡು ಪೈಪ್ ಇರುತ್ತವೆ, ಒಂದು ಎಣ್ಣೆ ತರಲು, ಒಂದು ಉಳಿದದ್ದನ್ನು ಟ್ಯಾಂಕಿಗೆ ವಾಪಸ್ ಕಳಿಸಲು. ಈ ವಾಪಸ್ ಪೈಪ್ ತೂತಾದರೆ ಬರ್ನರ್ ಆರಾಮಾಗಿ ಉರಿಯುತ್ತಲೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ, ಆದರೆ ಪಂಪ್ ತಳ್ಳಿದ ಎಣ್ಣೆಯೆಲ್ಲ ಮಣ್ಣಿಗೆ ಹೋಗುತ್ತಿರುತ್ತದೆ. ಒಂದೇ ಪೈಪ್ ಸಾಕಾಗುತ್ತದಾ ಅಂತ ತಂತ್ರಜ್ಞರನ್ನು ಕೇಳಿ. ಗಾಳಿ ಬೇರ್ಪಡಿಸುವ ಸಾಧನ ಬಾಯ್ಲರ್ ಹತ್ತಿರ ಹಾಕಿದರೆ ಎಷ್ಟೋ ಸಲ ಸಾಕಾಗುತ್ತದೆ.

ಇನ್ನು ವಾಲ್ವ್‌ಗಳು. ಟ್ಯಾಂಕಿನ ಬಾಯಲ್ಲೇ ಒಂದು, ಅದರ ಮುಂದೆ ಫಿಲ್ಟರ್. ಜೊತೆಗೆ ಬೆಂಕಿ ವಾಲ್ವ್ ಇರಲೇಬೇಕು. ಇದು ಎರಡು ಬಗೆ. ಒಂದರಲ್ಲಿ ಹಿಡಿಯ ಒಳಗೆ ಕಡಿಮೆ ಶಾಖಕ್ಕೆ ಕರಗುವ ಲೋಹ ಇರುತ್ತದೆ, ಸುಮಾರು 74 ಡಿಗ್ರಿಗೆ ಅದು ಕರಗಿ ಸ್ಪ್ರಿಂಗ್ ವಾಲ್ವನ್ನು ಮುಚ್ಚುತ್ತದೆ. ಇನ್ನೊಂದರಲ್ಲಿ ವಾಲ್ವ್ ಮನೆಯ ಹೊರಗೆ, ಅದರ ಶಾಖ ಗುರುತಿಸುವ ತುದಿ ಬರ್ನರ್ ಮೇಲೆ. ಬ್ರಿಟನ್‌ನಲ್ಲಿ ಮನೆ ಬಾಯ್ಲರಿಗೆ ಸಾಮಾನ್ಯವಾಗಿ 65 ಡಿಗ್ರಿಯದ್ದನ್ನು ಹಾಕುತ್ತಾರೆ. ಎರಡನೆಯದು ನನಗೆ ಹೆಚ್ಚು ಹಿಡಿಸುತ್ತದೆ, ಯಾಕೆಂದರೆ ಬೆಂಕಿ ಒಳಗೆ ಬಿದ್ದಾಗ ಎಣ್ಣೆ ಹೊರಗೇ ನಿಂತುಬಿಡುತ್ತದೆ.

ಟ್ಯಾಂಕ್ ಬರ್ನರಿಗಿಂತ ಎತ್ತರದಲ್ಲಿದ್ದು ಎಣ್ಣೆ ನೆತ್ತಿಯಿಂದ ಹೊರಡುವುದಾದರೆ ಸೈಫನ್ ತಡೆಯುವ ವಾಲ್ವ್ ಬೇಕು. ಅದಿಲ್ಲದಿದ್ದರೆ ಕೆಳಗೆ ಎಲ್ಲೋ ಪೈಪ್ ಮುರಿದಾಗ ಎಣ್ಣೆ ತಾನಾಗಿಯೇ ಎಳೆದುಕೊಂಡು ಟ್ಯಾಂಕ್ ಖಾಲಿಯಾಗುವ ತನಕ ಹರಿಯುತ್ತದೆ.

ಮನೆಯೊಳಗೆ ಇಡಲೇಬೇಕಾದರೆ

ಬರ್ನರ್, ಒಲೆ, ಬಾಯ್ಲರ್‌ನಿಂದ ಕನಿಷ್ಠ 1.5 ಮೀಟರ್ ದೂರ. ಮೆಟ್ಟಿಲ ಕೆಳಗೆ ಬೇಡ, ಹೊರಗೆ ಓಡಿಹೋಗುವ ದಾರಿಯಲ್ಲಿ ಬೇಡ, ಕರೆಂಟ್ ಬೋರ್ಡ್ ಪಕ್ಕ ಬೇಡ. ಬೆಂಕಿ ತಡೆಯುವ ಗೋಡೆ ಬಾಗಿಲಿರುವ ಪ್ರತ್ಯೇಕ ಕೋಣೆ, ಹೊರಗಿನ ಗಾಳಿ ಬರುವ ಕಿಂಡಿ. ಟ್ಯಾಂಕಿನ ಕೆಳಗೆ ಟ್ರೇ, ಅದರಲ್ಲಿ ಎಣ್ಣೆ ತಾಗಿದರೆ ಕೂಗುವ ಸಣ್ಣ ಅಲಾರಂ. ಕೋಣೆಯಲ್ಲಿ ನೆಲದ ನೀರು ಹೋಗುವ ಜಾಲರಿ ಇದ್ದರೆ ಅದನ್ನು ಮುಚ್ಚಿಸಿ, ಇಲ್ಲದಿದ್ದರೆ ಸೋರಿದ ಎಣ್ಣೆ ನೇರ ಚರಂಡಿಗೆ ದಾರಿ ಹಿಡಿಯುತ್ತದೆ.

ನೆಲದಡಿ ಹೂಳುವ ಟ್ಯಾಂಕ್ ಮನೆಗಳಿಗೆ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಸೋರಿದರೆ ಕಾಣಬೇಕು ಅನ್ನುವ ಮಾತಿಗೆ ಅದು ಪೂರ್ತಿ ವಿರುದ್ಧ. ಬೇರೆ ದಾರಿ ಇಲ್ಲದ ದೊಡ್ಡ ಕಟ್ಟಡವಾದರೆ ಎರಡು ಪದರದ ಟ್ಯಾಂಕ್, ಸದಾ ಕಾಯುವ ಸೋರಿಕೆ ಸೆನ್ಸರ್, ಸ್ಟೀಲ್ ಆದರೆ ವಿದ್ಯುತ್ ಮೂಲಕ ತುಕ್ಕು ತಡೆಯುವ ವ್ಯವಸ್ಥೆ, ಇಷ್ಟೂ ಬೇಕು.

ಪ್ರವಾಹದ ನೀರು ಬರುವ ಜಾಗವಾ?

ತುಂಬಿದ ಟ್ಯಾಂಕ್ ಭಾರ ಇರುತ್ತದೆ, ಅದೆಲ್ಲಿ ತೇಲುತ್ತದೆ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. 1000 ಲೀಟರ್ ಟ್ಯಾಂಕ್ ನೀರಿನಲ್ಲಿ ಮುಳುಗಿದರೆ ನೀರು ಅದನ್ನು 1000 ಕೆಜಿಯಷ್ಟು ಮೇಲಕ್ಕೆ ಒತ್ತುತ್ತದೆ. ಒಳಗಿನ ಎಣ್ಣೆ 850 ಕೆಜಿ. ಟ್ಯಾಂಕಿನ ಸ್ವಂತ ತೂಕ 150 ಕೆಜಿಗಿಂತ ಕಡಿಮೆ ಇದ್ದರೆ ತುಂಬಿದ ಟ್ಯಾಂಕೂ ತೇಲುತ್ತದೆ, ಅರ್ಧ ಖಾಲಿಯಾದದ್ದು ತೇಲುವುದರಲ್ಲಿ ಅನುಮಾನವೇ ಇಲ್ಲ. ತೇಲಿದ ಕೂಡಲೇ ಪೈಪ್ ಕಿತ್ತುಬರುತ್ತದೆ, ಎಣ್ಣೆ ಪ್ರವಾಹದ ನೀರಿನ ಮೇಲೆ ಹರಡಿ ಅಕ್ಕಪಕ್ಕದ ಮನೆಗಳ ಗೋಡೆಗೂ ಹಚ್ಚಿಕೊಳ್ಳುತ್ತದೆ. ಅಂಥ ಜಾಗದಲ್ಲಿ ಕಟ್ಟೆಯನ್ನು ನೀರಿನ ಮಟ್ಟಕ್ಕಿಂತ ಎತ್ತರಿಸಿ, ಇಲ್ಲಾ ಟ್ಯಾಂಕನ್ನು ತಯಾರಕರು ಹೇಳಿದ ಪಟ್ಟಿಗಳಿಂದ ಕಾಂಕ್ರೀಟಿಗೆ ಬಿಗಿಯಿರಿ. ಆ ಕಾಂಕ್ರೀಟೂ ಟ್ಯಾಂಕನ್ನು ಹಿಡಿದು ನಿಲ್ಲಿಸುವಷ್ಟು ಭಾರ ಇರಬೇಕು. ಗಾಳಿ ಪೈಪಿನ ತುದಿಯನ್ನೂ ಆ ಮಟ್ಟಕ್ಕಿಂತ ಮೇಲೆ ಒಯ್ಯಿರಿ.

ದೊಡ್ಡ ಕಟ್ಟಡಗಳಲ್ಲಿ

ಕೆಳಗೆ ದೊಡ್ಡ ಟ್ಯಾಂಕ್, ಮೇಲಿನ ಮಹಡಿಯ ಬಾಯ್ಲರ್ ಅಥವಾ ಜನರೇಟರ್ ಪಕ್ಕ ಸಣ್ಣ ಟ್ಯಾಂಕ್, ನಡುವೆ ಪಂಪ್. ಇಲ್ಲಿ ಮುಖ್ಯ ಅಪಾಯ ಒಂದೇ. ಸಣ್ಣ ಟ್ಯಾಂಕ್ ತುಂಬಿದರೂ ಮಟ್ಟ ನೋಡುವ ಸ್ವಿಚ್ ಸಿಕ್ಕಿಹಾಕಿಕೊಂಡು ಪಂಪ್ ನಿಲ್ಲದಿರುವುದು. ರಾತ್ರಿ ಯಾರೂ ಇಲ್ಲದಾಗ ಸಾವಿರಾರು ಲೀಟರ್ ಮೇಲಿನಿಂದ ಕೆಳಗೆ ಇಳಿಯಬಹುದು. ಹಾಗಾಗಿ ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಸ್ವಿಚ್ ಹಾಕಿಸಿ. ಮೇಲಿನ ಟ್ಯಾಂಕಿನಲ್ಲಿ ತುಂಬಿ ಉಕ್ಕಿದ ಎಣ್ಣೆ ದೊಡ್ಡ ಟ್ಯಾಂಕಿಗೆ ತಾನಾಗಿ ಇಳಿಯುವ ಪೈಪ್ ಇರಲಿ, ಅದು ತುಂಬುವ ಪೈಪಿಗಿಂತ ದಪ್ಪ ಇರಲಿ, ಅದರಲ್ಲಿ ಯಾವ ವಾಲ್ವೂ ಬೇಡ. ಸಣ್ಣ ಟ್ಯಾಂಕಿನ ಟ್ರೇಯಲ್ಲಿ ಎಣ್ಣೆ ಕಂಡರೆ ಪಂಪ್ ತಾನಾಗಿ ನಿಲ್ಲುವ ಹಾಗೆ ವಯರಿಂಗ್ ಮಾಡಿಸಿ.

ತುಂಬಿಸುವ ಮೊದಲು

ಸೋರಿಕೆ ಪರೀಕ್ಷೆ ಗಾಳಿಯಲ್ಲಿ ಮಾಡುತ್ತಾರೆ. ಟ್ಯಾಂಕಿಗೆ ತುಂಬ ಕಡಿಮೆ ಒತ್ತಡ ಸಾಕು, ಅಮೆರಿಕದ ನಿಯಮದಲ್ಲಿ ಮನೆ ಟ್ಯಾಂಕಿಗೆ 3ರಿಂದ 5 ಪಿಎಸ್‌ಐ. ಟೈರಿಗೆ ಗಾಳಿ ಹಾಕುವ ಕಂಪ್ರೆಸರನ್ನು ಲೆಕ್ಕ ನೋಡದೆ ಬಿಟ್ಟರೆ ಚಪ್ಪಟೆ ಬದಿಯ ಟ್ಯಾಂಕ್ ಸಿಡಿದು ಜೀವ ಹೋಗಬಹುದು, ಹಾಗಾಗಿ ಸಣ್ಣ ಒತ್ತಡ ತೋರಿಸುವ ಗೇಜ್ ಇಲ್ಲದೆ ಪರೀಕ್ಷೆ ಮಾಡಲು ಬಂದವರನ್ನು ವಾಪಸ್ ಕಳಿಸಿ. ಪ್ಲಾಸ್ಟಿಕ್ ಟ್ಯಾಂಕಾದರೆ ತಯಾರಕರು ಹೇಳಿದ್ದಷ್ಟೇ ಮಾಡಿ. ಪೈಪ್ ಲೈನಿನ ಪರೀಕ್ಷೆ ಬೇರೆ, ಟ್ಯಾಂಕ್ ಕಡೆ ಮುಚ್ಚಿ ಮಾಡಬೇಕು. ಆಕ್ಸಿಜನ್ ಸಿಲಿಂಡರ್ ಹತ್ತಿರಕ್ಕೂ ತರಬಾರದು, ಎಣ್ಣೆ ಪಸೆ ಮತ್ತು ಆಕ್ಸಿಜನ್ ಸೇರಿದರೆ ಸ್ಫೋಟ. ಒತ್ತಡ ನಿಲ್ಲಿಸಿ, ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ, ಗುಳ್ಳೆ ಬರುತ್ತದಾ ನೋಡಿ.

ಹಳೇ ಟ್ಯಾಂಕಿನ ಎಣ್ಣೆಯನ್ನು ಹೊಸದಕ್ಕೆ ಪಂಪ್ ಮಾಡಿಕೊಡುತ್ತೇವೆ ಅನ್ನುತ್ತಾರೆ. ದುಡ್ಡು ಉಳಿಯುತ್ತದೆ ಅನ್ನಿಸಿದರೂ ತಳದ ಗಸಿ, ನೀರು, ಆ ಲೋಳೆ ಎಲ್ಲವೂ ಹೊಸ ಟ್ಯಾಂಕಿಗೆ ಬಂದು ಮೊದಲ ದಿನದಿಂದಲೇ ತಿನ್ನಲು ಶುರು ಮಾಡುತ್ತದೆ. ಮೇಲಿನ ತಿಳಿ ಎಣ್ಣೆಯನ್ನು ಸೋಸಿ ಹಾಕುವುದಾದರೆ ಸರಿ, ತಳದ್ದು ಬೇಡ.

ಮೊದಲ ಸಲ ತುಂಬುವಾಗ ನೀವು ಅಲ್ಲೇ ನಿಂತಿರಿ. ಸ್ವಲ್ಪ ಹಾಕಿಸಿ ನಿಲ್ಲಿಸಿ, ಸುತ್ತ ನೋಡಿ, ಆಮೇಲೆ ಮುಂದುವರಿಸಿ. ಪೂರ್ತಿ ತುಂಬಿಸಬೇಡಿ, 95 ಶೇಕಡಕ್ಕೆ ನಿಲ್ಲಿಸಿ. ಎಣ್ಣೆ ಬಿಸಿಗೆ ಹಿಗ್ಗುತ್ತದೆ. ತಂಪಾದ 1000 ಲೀಟರ್ ಎಣ್ಣೆ 20 ಡಿಗ್ರಿ ಬಿಸಿಯಾದರೆ 16 ಲೀಟರಿನಷ್ಟು ಜಾಸ್ತಿ ಜಾಗ ಕೇಳುತ್ತದೆ, ಅದಕ್ಕೆ ಜಾಗ ಇಲ್ಲದಿದ್ದರೆ ಗಾಳಿ ಪೈಪಿನಿಂದ ಹೊರಗೆ ಬರುತ್ತದೆ.

ತುಂಬಿದ ಮೇಲೆ ಬಿಳಿ ಟಿಶ್ಯೂ ಕಾಗದ ತೆಗೆದುಕೊಂಡು ವಾಲ್ವ್, ಫಿಲ್ಟರಿನ ಕೆಳಗಿನ ಬೋಲ್ಟ್, ಪ್ರತಿ ಜಾಯಿಂಟಿಗೂ ಸುತ್ತಿ ಒಂದು ನಿಮಿಷ ಬಿಡಿ. ಬೆರಳಿಗೆ ಗೊತ್ತಾಗದ ಪಸೆ ಕಾಗದದ ಮೇಲೆ ಹರಡಿ ಕಾಣುತ್ತದೆ. ಹಲವು ದೇಶಗಳಲ್ಲಿ ತೆರಿಗೆಯ ಗುರುತಿಗಾಗಿ ಹೀಟಿಂಗ್ ಆಯಿಲಿಗೆ ಕೆಂಪು ಬಣ್ಣ ಬೆರೆಸಿರುತ್ತಾರೆ, ಅಂಥ ಕಡೆ ಕಲೆ ತಿಳಿ ಗುಲಾಬಿಯಾಗಿರುತ್ತದೆ. ಒಂದು ವಾರ ಬಿಟ್ಟು ಇದನ್ನೇ ಮತ್ತೊಮ್ಮೆ ಮಾಡಿ, ಯಾಕೆಂದರೆ ಭಾರ ಬಿದ್ದು ಟ್ಯಾಂಕ್ ಸ್ವಲ್ಪ ಕೂತಿರುತ್ತದೆ, ಜಾಯಿಂಟ್ ಸಡಿಲಾಗಿರಬಹುದು. ಆಮೇಲೆ ವರ್ಷಕ್ಕೊಮ್ಮೆ ಫಿಲ್ಟರ್ ಬದಲಿಸುವಾಗ ಸಾಕು. ಅದೇ ಹೊತ್ತಿಗೆ ಉದ್ದ ಕಡ್ಡಿಯ ತುದಿಗೆ ನೀರು ಗುರುತಿಸುವ ಪೇಸ್ಟ್ ಹಚ್ಚಿ ತಳಕ್ಕೆ ಇಳಿಸಿ, ನೀರು ತಾಗಿದಷ್ಟು ಉದ್ದಕ್ಕೆ ಅದರ ಬಣ್ಣ ಬದಲಾಗುತ್ತದೆ.

ಸೋರಿದ್ದು ಕಂಡರೆ ಮೊದಲು ಬಾಯ್ಲರ್ ಆರಿಸಿ, ಟ್ಯಾಂಕಿನ ವಾಲ್ವ್ ಮುಚ್ಚಿ, ಬೀಳುವ ಜಾಗಕ್ಕೆ ಬಕೆಟ್ ಇಡಿ. ಹರಡಿದ್ದರ ಸುತ್ತ ಮರಳು ಅಥವಾ ಮಣ್ಣಿನ ದಿಬ್ಬ ಹಾಕಿ ಚರಂಡಿಗೆ ಹೋಗದಂತೆ ತಡೆಯಿರಿ. ನೀರು ಹಾಕಿ ತೊಳೆಯಬೇಡಿ, ಸೋಪಿನ ಪುಡಿಯಂತೂ ಬೇಡವೇ ಬೇಡ, ಅದು ಎಣ್ಣೆಯನ್ನು ಒಡೆದು ಮಣ್ಣಿನಾಳಕ್ಕೂ ನೀರಿಗೂ ಇನ್ನೂ ಸುಲಭವಾಗಿ ಕಳಿಸುತ್ತದೆ. ಮನೆಯೊಳಗೆ ಆಗಿದ್ದರೆ ಕಿಟಕಿ ತೆಗೆದು ಮಕ್ಕಳನ್ನು ಹೊರಗೆ ಕಳಿಸಿ, ಜಾಸ್ತಿ ಆಗಿದ್ದರೆ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಬಾವಿಗೆ ಹೋಗಿರುವ ಅನುಮಾನ ಬಂದರೆ ಆ ನೀರನ್ನು ಪರೀಕ್ಷೆ ಆಗುವ ತನಕ ಕುಡಿಯಬೇಡಿ.

ಕೊನೆಯದಾಗಿ ಟ್ಯಾಂಕಿನ ಪಕ್ಕ ಮಳೆಗೆ ಅಳಿಸದ ಒಂದು ಫಲಕ ಹಾಕಿಸಿ. ಯಾವ ಎಣ್ಣೆ, ಎಷ್ಟು ಲೀಟರ್, ಯಾವ ವರ್ಷ ಕೂರಿಸಿದ್ದು, ಮುಖ್ಯ ವಾಲ್ವ್ ಎಲ್ಲಿದೆ, ಸೋರಿದರೆ ಯಾವ ನಂಬರಿಗೆ ಫೋನ್ ಮಾಡಬೇಕು. ವಾಲ್ವ್ ಎಲ್ಲಿದೆ, ಯಾವ ಕಡೆ ತಿರುಗಿಸಿದರೆ ಮುಚ್ಚುತ್ತದೆ ಅನ್ನುವುದನ್ನು ಮನೆಯಲ್ಲಿರುವ ಎಲ್ಲರಿಗೂ ತೋರಿಸಿ, ಅವರ ಕೈಯಲ್ಲೇ ಒಮ್ಮೆ ಮುಚ್ಚಿಸಿ ತೆಗೆಸಿ.